ಒಂಬತ್ತನೇ ತಿರುವು ಮತ್ತು ಅರ್ಧ ಲೀಟರ್ ಬ್ರೇಕ್ ಆಯಿಲ್

ಈ ಕಥೆಯನ್ನ ನಾನು ಸುಮಾರು ಜನಕ್ಕೆ ಹೇಳಿದ್ದೀನಿ. ಆದ್ರೆ ಪೂರ್ತಿ ಹೇಳಿರ್ಲಿಲ್ಲ. ಆಫೀಸಿನಲ್ಲಿ ಊಟದ ಟೇಬಲ್ಲಿನಲ್ಲಿ, ಮದುವೆಮನೆ ಪಂಕ್ತಿಯಲ್ಲಿ "ಆಗುಂಬೆ ಘಾಟೀಲಿ ಬ್ರೇಕ್ ಫೇಲ್ ಆಗಿತ್ತು ಮಾರಾಯ್ರೆ" ಅಂತ ಶುರು ಮಾಡಿ, ಎಲ್ಲರೂ ತುತ್ತು ಬಾಯಿಗಿಡೋದನ್ನ ಮರೆತು ನನ್ನ ಮುಖ ನೋಡೋ ತನಕ ಚೆನ್ನಾಗಿ ಬಣ್ಣ ಹಚ್ಚಿ ಹೇಳಿದ್ದೀನಿ. ಒಂದು ಸಣ್ಣ ವಿಷಯ ಮಾತ್ರ ಬಿಟ್ಟುಬಿಡ್ತಿದ್ದೆ. ಅದನ್ನ ಇಲ್ಲಿ ಬರೀತೀನಿ. ಇಲ್ಲಿ ಓದೋರೆಲ್ಲ ನಮ್ಮವರೇ, ಬೈದ್ರೂ ಕಾಮೆಂಟಿನಲ್ಲಿ ಬೈತೀರಿ, ಅಷ್ಟೇ ತಾನೇ.

2022ರ ನವೆಂಬರ್. ಹೆಂಡತಿಯ ತಂಗಿ ಮದುವೆ ಉಡುಪಿಯಲ್ಲಿ. ನಾವು ಬೆಂಗಳೂರಿಂದ ಹಿಂದಿನ ದಿನವೇ ತೀರ್ಥಹಳ್ಳಿ ಹತ್ರದ ನಮ್ಮೂರಿಗೆ ಬಂದು, ಅಪ್ಪ ಅಮ್ಮನ್ನ ಹತ್ತಿಸಿಕೊಂಡು, ಬೆಳಿಗ್ಗೆ ಹೊರಟಿದ್ದು. ಮುಂದೆ ಅಪ್ಪ. ಹಿಂದೆ ಅಮ್ಮ, ಹೆಂಡತಿ, ಆರು ವರ್ಷದ ಮಗಳು. ಡಿಕ್ಕಿಯಲ್ಲಿ ಒಂದು ಬಾಳೆಗೊನೆ, ಎರಡು ಸೂಟ್‌ಕೇಸು, ಅಮ್ಮ ಯಾವಾಗ್ಲೂ ಕಟ್ಟೋ "ಇರ್ಲಿ, ಬೇಕಾಗ್ತದೆ" ಅನ್ನೋ ಹೆಸರಿನ ಚೀಲ. ಕಾರು ಚಿಕ್ಕದು, 2013ರ ಮಾಡೆಲ್ಲು. ನಾನು 2017ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿ ಹೆಸರು ಬೇಡ, ಅದರ ತಪ್ಪೇನೂ ಇಲ್ಲ ಇದ್ರಲ್ಲಿ.

ಆಗುಂಬೆಯಲ್ಲಿ ಕಾಫಿ ಕುಡಿದು, "ಮಾಲ್ಗುಡಿ ಡೇಸ್ ಮನೆ ನೋಡ್ಬೇಕು" ಅಂದ ಹೆಂಡತಿಗೆ "ವಾಪಸ್ ಬರೋವಾಗ" ಅಂತ ಹೇಳಿ (ವಾಪಸ್ ಬರೋವಾಗಲೂ ನೋಡ್ಲಿಲ್ಲ, ಅದು ಬೇರೆ ಜಗಳ), ಘಾಟಿ ಇಳಿಯೋಕೆ ಶುರು ಮಾಡಿದ್ವಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋ ಈ ರಸ್ತೆಯಲ್ಲಿ 14 ಹೇರ್‌ಪಿನ್ ತಿರುವುಗಳು. ದೊಡ್ಡ ಲಾರಿಗಳಿಗೆ ಅಲ್ಲಿ ಪ್ರವೇಶ ಇಲ್ಲ. ಮಿನಿ ಬಸ್ಸುಗಳು ಓಡಾಡ್ತವೆ. ಎಷ್ಟು ಕಿರಿದು ಅಂದ್ರೆ ಎದುರಿಂದ ಮಿನಿ ಬಸ್ಸು ಬಂದ್ರೆ ನಾವು ಉಸಿರು ಒಳಗೆಳ್ಕೊಂಡ್ರೆ ಜಾಗ ಆಗ್ತದೇನೋ ಅನ್ನಿಸ್ಬೇಕು.

ನಮ್ಮ ಮುಂದೆ ಅಂಥದ್ದೇ ಒಂದು ಮಿನಿ ಬಸ್ಸು ನಿಧಾನಕ್ಕೆ ಇಳೀತಿತ್ತು. ನಾನು ಅದರ ಹಿಂದೆ. ಮೂರನೇ ಗೇರು. ಕಾಲು ಬ್ರೇಕ್ ಮೇಲೇ. ಒತ್ತೋದೂ ಅಲ್ಲ ಬಿಡೋದೂ ಅಲ್ಲ, ಸುಮ್ನೆ ಇಟ್ಕೊಂಡೇ ಇರೋದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಲಿತ ಅಭ್ಯಾಸ. ಅಪ್ಪ ಒಂದ್ಸಲ "ಎರಡಕ್ಕೆ ಹಾಕಾ" ಅಂದ್ರು. ನಾನು "ಏನಾಗಲ್ಲ ಅಪ್ಪ, ಇದು ನಿಮ್ಮ ಕಾಲದ ಗಾಡಿ ಅಲ್ಲ" ಅಂದೆ. ಈ ವಾಕ್ಯ ನನಗಿನ್ನೂ ಕಿವಿಯಲ್ಲಿ ಕೇಳ್ತದೆ.

ಅಪ್ಪನ ಬಗ್ಗೆ ಒಂದು ಮಾತು. ಅವರು ಅಡಿಕೆ ಮಂಡಿಯೊಂದರ ಟೆಂಪೋ ಓಡಿಸ್ತಿದ್ದವರು. ಆಗುಂಬೆ, ಹುಲಿಕಲ್ ಎಲ್ಲ ಘಾಟಿಗಳೂ ಅವರಿಗೆ ನಮ್ಮನೆ ಅಂಗಳದ ಹಾಗೆ. ಕಣ್ಣಿನ ಆಪರೇಷನ್ ಆದ್ಮೇಲೆ ಸ್ಟೇರಿಂಗ್ ಮುಟ್ಟಿಲ್ಲ. ಆದ್ರೆ ಪಕ್ಕದ ಸೀಟಲ್ಲಿ ಕೂತಾಗ ಅವರ ಬಲಗಾಲು ಇಲ್ಲದ ಬ್ರೇಕನ್ನ ಒತ್ತೋದನ್ನ ನಾನು ನೋಡಿದ್ದೀನಿ.

ಒಂಬತ್ತೋ ಹತ್ತೋ ತಿರುವು. ನಾನು ಒಂಬತ್ತು ಅಂತ ಹೇಳ್ಕೊಂಡು ಬಂದಿದ್ದೀನಿ, ಎಣಿಸ್ತಾ ಇದ್ದಿದ್ದು ಮಗಳು. ಮುಂದಿನ ಬಸ್ಸಿನ ಕೆಂಪು ದೀಪ ಹತ್ತಿತು. ನಾನೂ ಒತ್ತಿದೆ. ಪೆಡಲ್ಲು ಎಂದಿನ ಜಾಗದಲ್ಲಿ ಇರ್ಲಿಲ್ಲ. ಇನ್ನೂ ಕೆಳಗೆ ಹೋಯ್ತು. ಮೆತ್ತಗೆ, ಹಣ್ಣಾದ ಹಲಸಿನ ತೊಳೆ ಮೇಲೆ ಕಾಲಿಟ್ಟ ಹಾಗೆ. ಇನ್ನೊಂದ್ಸಲ ಒತ್ತಿದೆ. ಈ ಸಲ ನೆಲದ ಮ್ಯಾಟಿಗೇ ಹೋಗಿ ತಾಗಿತು. ಕಾರು ಮಾತ್ರ ತನ್ನ ಪಾಡಿಗೆ ಹೋಗ್ತಾನೇ ಇದೆ.

ನನ್ನ ಬಾಯಿಂದ ಏನೂ ಬರ್ಲಿಲ್ಲ. ಸಿನಿಮಾದಲ್ಲಿ ಹೀರೋ "ಬ್ರೇಕ್ ಫೇಲ್!" ಅಂತ ಕೂಗ್ತಾನಲ್ಲ, ಅದೆಲ್ಲ ಸುಳ್ಳು. ಗಂಟಲು ಒಣಗಿ ಹೋಗಿರ್ತದೆ. ಅಪ್ಪ ನನ್ನ ಕಾಲು ನೋಡಿದ್ರು. ಅಷ್ಟೇ ಸಾಕಾಯ್ತು ಅವರಿಗೆ.

"ಎರಡಕ್ಕೆ ಹಾಕು."

ಹಾಕಿದೆ. ಎಂಜಿನ್ನು ಗುಂಯ್ ಅಂತ ಕಿರುಚಿತು.

"ಒಂದಕ್ಕೆ ಹಾಕು. ಹ್ಯಾಂಡ್‌ಬ್ರೇಕು ಎಳಿ. ಗುಂಡಿ ಒತ್ಕಂಡೇ ಎಳಿಯಾ. ಸ್ವಲ್ಪ ಸ್ವಲ್ಪ."

ದನಿ ಏರಿಸ್ಲಿಲ್ಲ ಪುಣ್ಯಾತ್ಮ. ಅಡಿಕೆ ಸುಲಿಯೋವಾಗ "ಆ ಕತ್ತಿ ಕೊಡು" ಅಂದ ಹಾಗೆ ಹೇಳಿದ್ರು. ಎಡಕ್ಕೆ ಗುಡ್ಡ ಬರೋ ಕಡೆ, ನೀರು ಹರಿಯೋ ಚರಂಡಿ ಪಕ್ಕ ಟಯರು ಉಜ್ಜಿಕೊಂಡು ಕಾರು ನಿಂತಿತು. ಹಿಂದಿನ ಸೀಟಿನಿಂದ ಮಗಳು "ಹತ್ತನೇ ತಿರುವು ಯಾಕೆ ಬರ್ಲಿಲ್ಲ?" ಅಂತ ಕೇಳಿದಳು.

ಇಳಿದು ನೋಡಿದ್ರೆ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಸಣ್ಣಗೆ ಹೊಗೆ. ಚಕ್ರಕ್ಕೆ ಕಲ್ಲು ಕೊಟ್ಟು ಕೂತ್ವಿ. ಬಾಳೆಗೊನೆಯ ವಾಸನೆ ಹಿಡಿದು ಕೋತಿಗಳ ಒಂದು ಕುಟುಂಬ ಬಂದು ನಮ್ಮ ಎದುರಿಗೇ ಕೂತಿತು. ಅಮ್ಮ ದೇವರಿಗೆ ಏನೇನೋ ಹರಕೆ ಹೇಳ್ಕೊಳ್ತಿದ್ರು. ಹೆಂಡತಿ ಮಾತಾಡ್ಲಿಲ್ಲ. ಮಗಳ ಕೈಯನ್ನ ಬಿಡಲೂ ಇಲ್ಲ.

ಸುಮಾರು ಮುಕ್ಕಾಲು ಗಂಟೆ ಆದ್ಮೇಲೆ ಅಪ್ಪ "ಈಗ ಒತ್ತಿ ನೋಡು" ಅಂದ್ರು. ಒತ್ತಿದೆ. ಪೆಡಲ್ಲು ಗಟ್ಟಿ! ಏನೂ ಆಗೇ ಇಲ್ಲ ಅನ್ನೋ ಹಾಗೆ ಅದರ ಎಂದಿನ ಜಾಗದಲ್ಲಿ ಬಂದು ಕೂತಿದೆ. ನನಗೆ ಮೈ ಜುಂ ಅಂದಿದ್ದು ಆಗ. ಕೆಟ್ಟು ಹೋಗಿದ್ರೆ ಸಮಾಧಾನ ಇರ್ತಿತ್ತು. ಇದು ಕಳ್ಳನ ಹಾಗೆ ಬಂದು ಕಳ್ಳನ ಹಾಗೇ ಹೋಗಿತ್ತು.

ಉಳಿದ ತಿರುವುಗಳನ್ನ ಒಂದನೇ ಗೇರಲ್ಲೇ ಇಳಿದು, ಸೋಮೇಶ್ವರ ದಾಟಿ, ಹೆಬ್ರಿಯಲ್ಲಿ ಒಂದು ಸಣ್ಣ ಗ್ಯಾರೇಜು ಸಿಕ್ಕಿತು. ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಆ ಸಣ್ಣ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿ, ನನ್ನ ಕಡೆ ತಿರುಗಿ ಕೇಳಿದ:

"ಎಂತ ಮಾರ್ರೆ, ಇದು ಬ್ರೇಕ್ ಆಯಿಲಾ, ಕಾಫಿ ಡಿಕಾಕ್ಷನ್ನಾ? ಯಾವಾಗ ಚೇಂಜ್ ಮಾಡಿದ್ದು?"

ನಾನು "ಎರಡು ತಿಂಗಳ ಹಿಂದೆ ಸರ್ವಿಸ್ ಆಗಿದೆಯಲ್ಲ" ಅಂದೆ.

"ಸರ್ವಿಸ್ ಅಲ್ಲ, ಈ ಆಯಿಲ್ ಯಾವಾಗ ಚೇಂಜ್ ಆದದ್ದು?"

ಇಲ್ಲೇ ನೋಡಿ, ನಾನು ಬಿಟ್ಟುಬಿಡ್ತಿದ್ದ ಭಾಗ ಬರೋದು. ಆ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ವಿಸ್ ಸೆಂಟರಿನ ಹುಡುಗ ಒಂದು ಎಸ್ಟಿಮೇಟ್ ಕೊಟ್ಟಿದ್ದ. ಅದರಲ್ಲಿ ಏಳೆಂಟು ಐಟಮ್ಮು. ಎಂಜಿನ್ ಡ್ರೆಸ್ಸಿಂಗ್, ಇಂಟೀರಿಯರ್ ಕ್ಲೀನಿಂಗ್, ಎಸಿ ಸುಗಂಧ, ಹೀಗೆ. ಅದರ ನಡುವೆ "ಬ್ರೇಕ್ ಫ್ಲೂಯಿಡ್ ರಿಪ್ಲೇಸ್ಮೆಂಟ್", ಎಂಟುನೂರು ಚಿಲ್ಲರೆ ರೂಪಾಯಿ. ಹುಡುಗ "ಸರ್, ಇದು ಮಾಡಿಸಿದ್ರೆ ಒಳ್ಳೇದು" ಅಂತಲೂ ಅಂದ. ಎಲ್ಲಾ ಐಟಮ್ಮಿಗೂ ಅದನ್ನೇ ಅಂದಿದ್ದ, ಹಾಗಾಗಿ ನಾನು ನಂಬಲಿಲ್ಲ. ಪೆನ್ನು ತಗೊಂಡು ಸಾಲಾಗಿ ಎಲ್ಲದಕ್ಕೂ ಗೀಟು ಹಾಕಿ ಪಕ್ಕದಲ್ಲಿ ಸಹಿ ಹಾಕಿದೆ. ಮಾರನೇ ದಿನ ಆಫೀಸಿನಲ್ಲಿ "ಇವರು ಹೇಗೆ ಲೂಟಿ ಮಾಡ್ತಾರೆ ಗೊತ್ತಾ" ಅಂತ ಭಾಷಣ ಬೇರೆ. ಕಾರು ತಗೊಂಡ ಐದು ವರ್ಷದಲ್ಲಿ ನಾನು ಬದಲಾಯಿಸಿರ್ಲಿಲ್ಲ. ಅದಕ್ಕೆ ಮುಂಚಿನ ಓನರ್ ಕೊಟ್ಟ ಬಿಲ್ಲುಗಳಲ್ಲೂ ಇದ್ದಿದ್ದು "ಟಾಪ್ ಅಪ್" ಮಾತ್ರ. ಅಂದ್ರೆ ಆ ಡಿಕಾಕ್ಷನ್ನಿನ ವಯಸ್ಸು ಒಂಬತ್ತು ವರ್ಷ. ನನ್ನ ಮಗಳಿಗಿಂತ ದೊಡ್ಡದು.

ಮೆಕ್ಯಾನಿಕ್ಕಿಗೆ ನಾನು "ಗೊತ್ತಿಲ್ಲಪ್ಪ, ಸರ್ವಿಸ್‌ನವರು ಮಾಡಿರ್ಬೇಕು" ಅಂದೆ. ಅಪ್ಪ ಪಕ್ಕದಲ್ಲೇ ನಿಂತಿದ್ರು.

ಮದುವೆ ಮುಗಿಸಿ ಬೆಂಗಳೂರಿಗೆ ಬಂದ್ಮೇಲೆ ರಾತ್ರಿ ನಿದ್ದೆ ಬರದೆ ಓದೋಕೆ ಶುರು ಮಾಡಿದೆ. ಅಷ್ಟು ದಿನ ಕಾರು ಓಡಿಸಿಯೂ ನನಗೆ ಬ್ರೇಕ್ ಹೇಗೆ ಕೆಲಸ ಮಾಡ್ತದೆ ಅಂತಲೇ ಗೊತ್ತಿರ್ಲಿಲ್ಲ. ಹೈಸ್ಕೂಲಿನಲ್ಲಿ ಪ್ಯಾಸ್ಕಲ್ ನಿಯಮ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದ್ರೆ ಅದು ಎಲ್ಲ ಕಡೆಗೂ ಒಂದೇ ಸಮ ಹರಡ್ತದೆ. ಕಾಲಿನಿಂದ ನಾವು ಒತ್ತೋದು ಒಂದು ಸಣ್ಣ ಪಿಸ್ಟನ್ನನ್ನ. ಆ ಒತ್ತಡ ಸಣ್ಣ ಕೊಳವೆಗಳಲ್ಲಿರೋ ದ್ರವದ ಮೂಲಕ ನಾಲ್ಕೂ ಚಕ್ರಕ್ಕೆ ಹೋಗಿ, ಅಲ್ಲಿನ ದೊಡ್ಡ ಪಿಸ್ಟನ್ನುಗಳನ್ನ ತಳ್ಳಿ, ಪ್ಯಾಡು ಡಿಸ್ಕನ್ನ ಹಿಡೀತದೆ. ನಮ್ಮ ಕಾಲಿಗೂ ಚಕ್ರಕ್ಕೂ ನಡುವೆ ಇರೋ ಸಂಬಂಧ ಅಂದ್ರೆ ಅರ್ಧ ಮುಕ್ಕಾಲು ಲೀಟರ್ ದ್ರವ. ಅಷ್ಟೇ! ಕಬ್ಬಿಣದ ಸರಳಲ್ಲ, ಕೇಬಲ್ಲಲ್ಲ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಅನ್ನೋರು ಇದಕ್ಕೆ 1917ರಲ್ಲಿ ಪೇಟೆಂಟ್ ತಗೊಂಡ್ರಂತೆ, 1921ರಲ್ಲಿ ಡ್ಯೂಸೆನ್‌ಬರ್ಗ್ ಅನ್ನೋ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಇಂಥ ಬ್ರೇಕು ಬಂತು. ಹಳೇ ಕಾಲದಲ್ಲಿ ಈ ದ್ರವವನ್ನ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಮಾಡ್ತಿದ್ರು ಅಂತ ಓದಿ ನಗು ಬಂತು. ನಮ್ಮಜ್ಜಿ ನಮ್ಮ ಹೊಟ್ಟೆಯ ಬ್ರೇಕ್ ತೆಗೆಯೋಕೆ ಬಳಸ್ತಿದ್ದ ಎಣ್ಣೆ ಅದು.

ಈಗಿನದು ಎಣ್ಣೆಯೇ ಅಲ್ಲ. ನಾವೆಲ್ಲ "ಬ್ರೇಕ್ ಆಯಿಲ್" ಅಂತೀವಿ, ಅಂಗಡಿಯವನೂ ಹಾಗೇ ಕೊಡ್ತಾನೆ. ಆದ್ರೆ ನಮ್ಮ ಕಾರುಗಳಲ್ಲಿ ಇರೋದು ಗ್ಲೈಕಾಲ್ ಈಥರ್ ಜಾತಿಯ ರಾಸಾಯನಿಕ. ಅದಕ್ಕೆ ಒಂದು ಗುಣ ಇದೆ, ಗಾಳಿಯಲ್ಲಿರೋ ತೇವವನ್ನ ಎಳ್ಕೊಳ್ಳೋದು. ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಆಷಾಢದಲ್ಲಿ ಉಪ್ಪಿನ ಭರಣಿ ಮುಚ್ಚಳ ತೆಗೆದು ನೋಡಿದ್ದೀರಲ್ಲ? ಬೆಲ್ಲ ಹೇಗೆ ಬೆವರ್ತದೆ, ಹಪ್ಪಳ ಹೇಗೆ ಬಟ್ಟೆ ಆಗ್ತದೆ, ಹಾಗೆ. ಡಬ್ಬಿಯ ಮುಚ್ಚಳದ ಸಣ್ಣ ಗಾಳಿಗಂಡಿಯಿಂದ, ಚಕ್ರದ ಹತ್ರದ ರಬ್ಬರ್ ಪೈಪಿನ ಮೈಯಿಂದಲೂ ತೇವ ಒಳಗೆ ಇಳೀತದಂತೆ. ಕಾರು ಓಡಿಸ್ಬೇಕು ಅಂತಲೂ ಇಲ್ಲ. ನಿಂತಿದ್ರೂ ಕುಡೀತಾನೇ ಇರ್ತದೆ. ನನ್ನ ಕಾರು 2020 ಮತ್ತು 2021ರ ಎರಡೂ ಮಳೆಗಾಲ, ನಾನು ಮನೆಯಿಂದ ಕೆಲಸ ಮಾಡ್ತಿದ್ದಾಗ, ಊರಿನ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಆಗುಂಬೆ ಸೀಮೆಯ ಮಳೆಗಾಲ ಸ್ವಾಮೀ! "ಓಡಿಸಿಲ್ಲವಲ್ಲ, ಸರ್ವಿಸ್ ಯಾಕೆ" ಅಂತ ನಾನು ಕೂತಿದ್ದೆ.

ತೇವ ಸೇರಿದ್ರೆ ಏನಾಗ್ತದೆ? ಬೇಗ ಕುದೀತದೆ. ಬಾಟಲಿ ಮೇಲೆ ಡಾಟ್ 3, ಡಾಟ್ 4 ಅಂತ ಇರ್ತದಲ್ಲ, ಅದು ಮುಖ್ಯವಾಗಿ ಕುದಿಬಿಂದುವಿನ ಲೆಕ್ಕ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಡಾಟ್ 4 ಆದ್ರೆ 230. ಅದೇ ದ್ರವದಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಇರಬೇಕಾದ ಕನಿಷ್ಠ ಕುದಿಬಿಂದು ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ನೂರು ಚಮಚದಲ್ಲಿ ನಾಲ್ಕು ಚಮಚವೂ ಪೂರ್ತಿ ಇಲ್ಲ, ಅಷ್ಟಕ್ಕೇ ಅರವತ್ತು ಎಪ್ಪತ್ತು ಡಿಗ್ರಿ ಕೆಳಗೆ! ಒಂಬತ್ತು ವರ್ಷದ ನನ್ನ ಕಷಾಯದಲ್ಲಿ ಎಷ್ಟು ನೀರಿತ್ತೋ.

ಘಾಟಿಯಲ್ಲಿ ಎಷ್ಟು ಬಿಸಿ ಹುಟ್ಟುತ್ತೆ ಅಂತ ಒಂದು ಲೆಕ್ಕ ಹಾಕಿ ನೋಡಿದೆ. ಜನ, ಬಾಳೆಗೊನೆ, ಅಮ್ಮನ ಚೀಲ ಎಲ್ಲ ಸೇರಿ ಕಾರಿನ ತೂಕ ಸುಮಾರು ಸಾವಿರ ಕೆಜಿ. ಐನೂರು ಮೀಟರ್ ಇಳಿತ ಅಂತ ಹಿಡಿಯೋಣ. ಅಷ್ಟು ಎತ್ತರದ ಶಕ್ತಿಯೆಲ್ಲ ಶಾಖ ಆದ್ರೆ ಹದಿನೈದು ಲೀಟರ್ ತಣ್ಣೀರನ್ನ ಕುದಿಯೋ ತನಕ ಕಾಯಿಸಬಹುದು. ಅಂದ್ರೆ ದೊಡ್ಡ ಕೊಡದ ತುಂಬ ನೀರು. ಗೇರು ಇಳಿಸಿ ಬಂದ್ರೆ ಅದರಲ್ಲಿ ದೊಡ್ಡ ಪಾಲನ್ನ ಎಂಜಿನ್ನು ತಡೀತದೆ, ಒಂದಿಷ್ಟು ಗಾಳಿ. ನನ್ನ ಹಾಗೆ ಮೂರನೇ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಕೊಂಡು ಬಂದ್ರೆ ಹೆಚ್ಚೂಕಡಿಮೆ ಅಷ್ಟೂ ಡಿಸ್ಕಿಗೆ ಹೋಗ್ತದೆ, ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನ ಹಿಂದೆ ಇರೋ ದ್ರವಕ್ಕೆ.

ಅದು ಕುದಿದಾಗ ಆವಿ ಗುಳ್ಳೆ ಹುಟ್ತದೆ. ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ನೀರು ತುಂಬಿ ಬಾಯಿಗೆ ಬೆರಳು ಮುಚ್ಚಿ ಒತ್ತಿ ನೋಡಿ, ಕಲ್ಲು. ಗಾಳಿ ತುಂಬಿ ಒತ್ತಿ, ಸ್ಪಂಜು. ಆ ದಿನ ನಾನು ಅಷ್ಟು ಜೋರಾಗಿ ಒತ್ತಿದ ಒತ್ತಡವೆಲ್ಲ ಆ ಗುಳ್ಳೆಗಳನ್ನ ಕುಗ್ಗಿಸೋದ್ರಲ್ಲೇ ಮುಗಿದುಹೋಗಿತ್ತು. ಆರಿದ ಮೇಲೆ ಆವಿ ಮತ್ತೆ ದ್ರವ ಆಯ್ತು, ಪೆಡಲ್ಲು ಗಟ್ಟಿ ಆಯ್ತು. ಹೆಬ್ರಿಯ ಮೆಕ್ಯಾನಿಕ್ಕು ಡಬ್ಬಿಯೊಳಗೆ ಇಣುಕದೆ ಬರೀ ಪೆಡಲ್ ಒತ್ತಿ ನೋಡಿದ್ರೆ "ಬ್ರೇಕ್ ಸರಿ ಉಂಟಲ್ಲ ಮಾರ್ರೆ" ಅಂತ ಕಳಿಸಿಬಿಡ್ತಿದ್ದ. ಅದನ್ನ ನೆನೆಸಿಕೊಂಡ್ರೆ ಈಗಲೂ ಹೆದರಿಕೆ ಆಗ್ತದೆ.

ನನಗೆ ಕಾಡಿದ ಇನ್ನೊಂದು ಪ್ರಶ್ನೆ: ಎರಡು ಪ್ರತ್ಯೇಕ ಸರ್ಕ್ಯೂಟ್ ಇರ್ತದಲ್ಲ ಕಾರುಗಳಲ್ಲಿ? ಒಂದು ಹೋದ್ರೆ ಇನ್ನೊಂದು ಕಾಯ್ಬೇಕಲ್ಲ? ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗೋ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಈ ಸರ್ಕ್ಯೂಟುಗಳು ಮೂಲೆಗೆ ಮೂಲೆ. ಮುಂದಿನ ಎಡ ಮತ್ತು ಹಿಂದಿನ ಬಲ ಒಂದು, ಮುಂದಿನ ಬಲ ಮತ್ತು ಹಿಂದಿನ ಎಡ ಇನ್ನೊಂದು. ಪೈಪು ಒಡೆದ್ರೆ ಒಂದು ಉಳೀತದೆ, ಸರಿ. ಆದ್ರೆ ಮುಂದಿನ ಎರಡೂ ಚಕ್ರದಲ್ಲಿ ದ್ರವ ಕುದಿದ್ರೆ ಎರಡೂ ಸರ್ಕ್ಯೂಟಿನಲ್ಲೂ ಗುಳ್ಳೆ! ಹ್ಯಾಂಡ್‌ಬ್ರೇಕು ಉಳಿಸಿದ್ದು ಯಾಕೆ ಅಂದ್ರೆ ಅದಕ್ಕೆ ಈ ದ್ರವದ ಸಂಬಂಧವೇ ಇಲ್ಲ. ನನ್ನ ಕಾರಿನಲ್ಲಿ ಅದು ಸೀದಾ ಕೇಬಲ್ಲಿನಲ್ಲಿ ಹಿಂದಿನ ಡ್ರಮ್ಮಿಗೆ ಹೋಗ್ತದೆ. ಅಪ್ಪನಿಗೆ ಇದೆಲ್ಲ ಥಿಯರಿ ಗೊತ್ತಿತ್ತಾ ಅಂತ ಆಮೇಲೆ ಕೇಳಿದೆ. "ಎಂತ ಥಿಯರಿ. ಟೆಂಪೋ ಎರಡ್ಸಲ ಹಾಂಗೆ ಮಾಡಿತ್ತು" ಅಂದ್ರು. ಗುಂಡಿ ಒತ್ಕೊಂಡೇ ಎಳೆಯೋಕೆ ಹೇಳಿದ್ದು ಹಿಂದಿನ ಚಕ್ರ ಜಾಮ್ ಆದ ಕೂಡಲೇ ಸಡಿಲ ಬಿಡೋಕೆ ಆಗ್ಲಿ ಅಂತ. ಒಮ್ಮೆಲೇ ಎಳೆದಿದ್ರೆ ಕಾರು ತಿರುಗಿ ನಿಲ್ತಿತ್ತು, ನಿಂತಿದ್ರೆ.

ಇನ್ನು ಅದು ಪ್ಯಾಡ್ ಕಾದು ಹಿಡಿತ ಕಳ್ಕೊಳ್ಳೋ ಸಮಸ್ಯೆ ಅಲ್ಲ. ಅದರಲ್ಲಿ ಪೆಡಲ್ಲು ಗಟ್ಟಿಯಾಗೇ ಇರ್ತದೆ, ಕಾರು ಮಾತ್ರ ನಿಲ್ಲಲ್ಲ. ದ್ರವ ಕುದಿದ್ರೆ ಪೆಡಲ್ಲೇ ಇಲ್ಲ. ಎರಡರದ್ದೂ ತಾಯಿ ಮಾತ್ರ ಒಂದೇ, ಘಾಟಿಯಲ್ಲಿ ಕಾಲು ಬ್ರೇಕ್ ಮೇಲೆ ಇಟ್ಕೊಂಡು ಬರೋದು. ಹತ್ತೋವಾಗ ಯಾವ ಗೇರು ಬೇಕೋ ಇಳಿಯೋವಾಗಲೂ ಅದೇ ಗೇರು ಅಂತ ಹಳೇ ಡ್ರೈವರುಗಳು ಹೇಳೋದು ಸುಮ್ನೆ ಅಲ್ಲ. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕಿ ಇಳಿಯೋರ ಬಗ್ಗೆ ನಾನು ಏನೂ ಹೇಳಲ್ಲ, ಎಂಟುನೂರು ರೂಪಾಯಿ ಉಳಿಸಿದವನಿಗೆ ಆ ಹಕ್ಕಿಲ್ಲ.

ಟಾಪ್ ಅಪ್ ವಿಷಯ ಹೇಳ್ಬೇಕು, ಇದರಲ್ಲಿ ನಾನೊಬ್ಬನೇ ಮೂರ್ಖ ಅಲ್ಲ ಅಂತ ಗೊತ್ತಿದೆ. ಡಬ್ಬಿಯಲ್ಲಿ ಮಟ್ಟ ಕಡಿಮೆ ಆದ್ರೆ ಅದು ಬಹಳ ಸಲ ಪ್ಯಾಡು ಸವೆದಿದ್ದರ ಗುರುತು. ಪ್ಯಾಡು ಸವೆದಷ್ಟೂ ಪಿಸ್ಟನ್ನು ಮುಂದೆ ಬಂದು ಅದರ ಹಿಂದಿನ ಜಾಗಕ್ಕೆ ದ್ರವ ಇಳೀತದೆ. ಇಲ್ಲಾಂದ್ರೆ ಎಲ್ಲೋ ಸೋರ್ತಿದೆ. ಎರಡರಲ್ಲಿ ಯಾವುದು ಅಂತ ನೋಡದೆ ಮೇಲಿಂದ ಸ್ವಲ್ಪ ಹೊಯ್ದು "ಓಕೆ" ಅಂತ ಬರೆಯೋದು ಅಂದ್ರೆ ಹಳಸಿದ ಸಾರಿಗೆ ಒಂದು ಸೌಟು ಹೊಸ ಸಾರು ಹಾಕಿದ ಹಾಗೆ. ಕೆಳಗೆ ಚಕ್ರದ ಹತ್ರ ಇರೋ ಕಷಾಯ ಅಲ್ಲೇ ಇರ್ತದೆ. ಬಿಸಿ ಆಗೋದೂ ಅದೇ.

ಬಣ್ಣ ನೋಡಿ ಹೇಳೋದೂ ಪೂರ್ತಿ ನಂಬೋ ಹಾಗಿಲ್ಲ. ಕಪ್ಪಾಗಿದ್ರೆ ಹಳೇದು ಹೌದು, ಆದ್ರೆ ತಿಳಿಯಾಗಿ ಹೊಂಬಣ್ಣದಲ್ಲೇ ಇದ್ದೂ ನೀರು ಕುಡಿದಿರಬಹುದು. ಪೆನ್ನಿನ ಥರದ ಒಂದು ಮೀಟರ್ ಸಿಗ್ತದೆ, ಅದ್ದಿದ್ರೆ ದೀಪ ಹತ್ತಿ ಅಂದಾಜು ತೋರಿಸ್ತದೆ. ಬಹಳಷ್ಟು ಕಾರಿನ ಪುಸ್ತಕಗಳು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೇಳ್ತವೆ. ನಿಮ್ಮ ಕಾರಿನ ಪುಸ್ತಕ ಏನು ಹೇಳ್ತದೋ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಕವರೂ ಬಿಚ್ಚದೆ ಇಟ್ಟಿರ್ತೀರಲ್ಲ, ಅದೇ ಪುಸ್ತಕ. ನೀರು ಸೇರಿದ್ರೆ ಒಳಗೆ ತುಕ್ಕೂ ಹಿಡೀತದೆ. ಇಲ್ಲಿ 2019ರ ಏಪ್ರಿಲ್ಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದೆ. ಅದರೊಳಗಿನ ಸಣ್ಣ ಸಣ್ಣ ವಾಲ್ವುಗಳಿಗೆ ತುಕ್ಕು ಹಿಡಿದ್ರೆ ಬರೋ ಬಿಲ್ಲಿನ ಮುಂದೆ ಎಂಟುನೂರು ರೂಪಾಯಿ ಅಂದ್ರೆ ಚಹಾದ ಕಾಸು.

ಮತ್ತೆ, ಯಾವ "ಆಯಿಲ್" ಆದ್ರೂ ಹೊಯ್ಯಬೇಡಿ. ನಮ್ಮ ಚಿಕ್ಕಪ್ಪ ಒಬ್ರು ಹಿಂದೊಮ್ಮೆ ಜೀಪಿಗೆ ಮನೆಯಲ್ಲಿದ್ದ ಎಂಜಿನ್ ಆಯಿಲನ್ನೇ ಹೊಯ್ದಿದ್ರು. ಎಣ್ಣೆ ತಾನೇ ಅಂತ. ಪೆಟ್ರೋಲಿಯಂ ಎಣ್ಣೆ ತಾಗಿದ್ರೆ ಒಳಗಿನ ರಬ್ಬರ್ ವಾಶರುಗಳು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿಹೋಗ್ತವೆ. ಬ್ರೇಕು ಹಿಡಿದಿದ್ದು ಬಿಡಲೇ ಇಲ್ಲ. ಎಲ್ಲ ಬಿಚ್ಚಿ ಪ್ರತಿಯೊಂದು ರಬ್ಬರನ್ನೂ ಬದಲಾಯಿಸ್ಬೇಕಾಯ್ತು. ಡಾಟ್ 3, 4, 5.1 ಒಂದೇ ಕುಟುಂಬ. ನಡುವೆ ಬರೋ ಡಾಟ್ 5 ಮಾತ್ರ ಸಿಲಿಕೋನಿನದು, ಅದು ಇವುಗಳ ಜೊತೆ ಸೇರಲ್ಲ. ಈ ನಂಬರು ಇಟ್ಟ ಪುಣ್ಯಾತ್ಮನಿಗೆ ಏನನ್ನಬೇಕೋ. ಡಬ್ಬಿಯ ಮುಚ್ಚಳದ ಮೇಲೇ ಯಾವುದು ಹಾಕ್ಬೇಕು ಅಂತ ಅಚ್ಚಾಗಿರ್ತದೆ, ಅದನ್ನೇ ಹಾಕಿದ್ರಾಯ್ತು.

ಹೆಬ್ರಿಯಲ್ಲಿ ಆವತ್ತು ಪೂರ್ತಿ ಬದಲಾಯಿಸಿಕೊಂಡೇ ಹೊರಟ್ವಿ. ಮೆಕ್ಯಾನಿಕ್ಕಿಗೆ ಹುಡುಗ ರಜೆ, ಹಾಗಾಗಿ ಪೆಡಲ್ ಒತ್ತೋ ಕೆಲಸ ನನಗೆ. ಅವನು ಚಕ್ರದ ಹತ್ರ ಒಂದು ಪೈಪಿನ ತುದಿಯನ್ನ ನೀರಿನ ಬಾಟಲಿಗೆ ಬಿಟ್ಟು, ಸ್ಪ್ಯಾನರ್ ಹಿಡಿದು ಕೂತ. "ಒತ್ತಿ... ಹಿಡೀರಿ... ಬಿಡಿ." ಹಿಡಿದಾಗ ಅವನು ಸಣ್ಣ ನಿಪ್ಪಲ್ ಸಡಿಲಿಸಿ ಹಳೇದನ್ನ ಹೊರಗೆ ಬಿಡ್ತಾನೆ, ಮತ್ತೆ ಮುಚ್ಚಿದ ಮೇಲೆ ನಾನು ಕಾಲು ಎತ್ತಬೇಕು. ಮೊದಲೇ ಎತ್ತಿದ್ರೆ ಗಾಳಿ ಒಳಗೆ. ದೂರದ ಹಿಂದಿನ ಎಡ ಚಕ್ರದಿಂದ ಶುರು. ಮೇಲೆ ಡಬ್ಬಿ ಖಾಲಿ ಆಗದ ಹಾಗೆ ಹೊಸದನ್ನ ಹೊಯ್ತಾ ಇರೋ ಕೆಲಸ ಅಪ್ಪನದು. ಮುಂದಿನ ಚಕ್ರದಿಂದ ಬಂದಿದ್ದು ಅಕ್ಷರಶಃ ಕಪ್ಪು. ಗಂಜಲದ ಬಣ್ಣ ಅಂತ ಅಮ್ಮ ಅಂದ್ರು, ದೂರದಿಂದಲೇ. ಆಮೇಲೆ ನಿಧಾನಕ್ಕೆ ತಿಳಿಯಾಗಿ, ಕೊನೆಗೆ ಜೇನುತುಪ್ಪದ ಹಾಗೆ ಬಂತು.

ಅದೆಲ್ಲ ಮುಗಿದು ದುಡ್ಡು ಕೊಡೋವಾಗ ಚಿಲ್ಲರೆಗೆ ಅಂತ ಅಪ್ಪ ಡ್ಯಾಶ್‌ಬೋರ್ಡು ತೆಗೆದ್ರು. ನಾನು ಕಾರಿನ ಆ ಕಡೆ ಇದ್ದೆ. ಅವರ ಕೈಯಲ್ಲಿ ಆ ಎಸ್ಟಿಮೇಟಿನ ಹಾಳೆ. ಕನ್ನಡಕ ಹಣೆಯಿಂದ ಕೆಳಗೆ ಎಳ್ಕೊಂಡು ಓದಿದ್ರು. ಗೀಟು, ಪಕ್ಕದಲ್ಲಿ ನನ್ನ ಸಹಿ. ಇಂಗ್ಲಿಷು ಅವರಿಗೆ ಓದೋಕೆ ಬರ್ತದೆ. ನಾನು ಅಲ್ಲೇ ನಿಂತುಬಿಟ್ಟೆ. ಹಾಳೆಯನ್ನ ನಾಲ್ಕು ಮಡಿಕೆ ಮಾಡಿ ಅವರ ಅಂಗಿ ಜೇಬಿಗೆ ಹಾಕ್ಕೊಂಡ್ರು. ಒಂದು ಮಾತೂ ಆಡ್ಲಿಲ್ಲ. ಉಡುಪಿಯ ತನಕ, ಮದುವೆಮನೆಯಲ್ಲಿ, ವಾಪಸ್ ಬರೋವಾಗ, ಇಲ್ಲ. ನನ್ನ ಹೆಂಡತಿಗೂ ಅಮ್ಮನಿಗೂ ಅವರಿಂದ ಆ ವಿಷಯ ಗೊತ್ತಾಗಲೇ ಇಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು ಅಂತ ಎರಡು ವರ್ಷ ಅಂದ್ಕೊಂಡಿದ್ದೀನಿ. ಕೊನೆಗೆ ಹೆಂಡತಿಗೆ ನಾನೇ ಹೇಳಿದೆ, 2024ರಲ್ಲಿ. ಅವಳು ಮೂರು ದಿನ ಮಾತು ಬಿಟ್ಟಳು, ನಾಲ್ಕನೇ ದಿನ ಅವಳ ಸ್ಕೂಟರಿನ ಬ್ರೇಕನ್ನೂ ತೋರಿಸಿಕೊಂಡು ಬಾ ಅಂದಳು.

ಹೇಳೋಕೆ ಧೈರ್ಯ ಬಂದಿದ್ದು ಯಾಕೆ ಅಂದ್ರೆ, ಆ ನವೆಂಬರಿನಲ್ಲಿ ಊರಿಗೆ ಹೋದಾಗ ಅಪ್ಪ "ಎರಡು ವರ್ಷ ಆತಲ್ಲ" ಅಂದ್ರು. ಅಷ್ಟೇ. ನನಗೆ ಅರ್ಥ ಆಯ್ತು. ತೀರ್ಥಹಳ್ಳಿಯಿಂದ ಅರ್ಧರ್ಧ ಲೀಟರಿನ ಎರಡು ಬಾಟಲಿ ತಂದು, ಈ ಸಲ ಅಂಗಳದಲ್ಲಿ ನಾವೇ ಮಾಡಿದ್ವಿ. ಮಗಳು ಪೆಡಲ್ ಒತ್ತೋಕೆ, ಕಾಲು ಎಟುಕದೆ ಸೀಟಿನ ತುದಿಯಲ್ಲಿ ಕೂತು. ನಾನು ಚಕ್ರದ ಕೆಳಗೆ. ಅಪ್ಪ ಡಬ್ಬಿ ಹತ್ರ ನಿಂತು "ಒತ್ತು... ಹಿಡಿ... ಬಿಡು" ಅಂತ ಡೈರೆಕ್ಷನ್ನು. ಮಗಳು ಪ್ರತಿ ಸಲವೂ "ಒಂಬತ್ತನೇ ತಿರುವು!" ಅಂತ ಕೂಗ್ತಿದ್ದಳು.

ಕೆಲಸ ಮುಗಿದಾಗ ಎರಡನೇ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ನಾನು "ಇದನ್ನ ಮುಂದಿನ ಸಲಕ್ಕೆ ಇಡೋ ಹಾಗಿಲ್ಲ ಅಪ್ಪ, ಒಮ್ಮೆ ಮುಚ್ಚಳ ತೆಗೆದ್ರೆ ಬಾಟಲಿಯಲ್ಲೇ ನೀರು ಎಳ್ಕೊಳ್ತದೆ, ಗ್ಯಾರೇಜಿಗೆ ಕೊಟ್ಟುಬಿಡ್ತೀನಿ" ಅಂತ ಓದಿದ್ದನ್ನೆಲ್ಲ ಹೇಳಿದೆ. ಬೆಂಗಳೂರಿಗೆ ಹೊರಡೋ ಗಡಿಬಿಡಿಯಲ್ಲಿ ಮರೆತೆ. ಇನ್ನೂರೈವತ್ತು ಮಿಲಿ ಹೊಸಾ ಎಣ್ಣೆ ಬಿಸಾಡೋದು ಅಂದ್ರೆ ಅಪ್ಪನಿಗೆ ಆಗದ ಮಾತು. ಒಂದು ವಾರ ಕಳೆದು ಅಮ್ಮನ ಫೋನು. ಚೌತಿಗೆ ಅಂತ ಹೊಸದಾಗಿ ಹಸಿರು ಬಣ್ಣ ಬಳಿದಿದ್ದ ಗೇಟು ಕಿರ್ ಅನ್ನುತ್ತೆ ಅಂತ ಅಪ್ಪ ಅದರ ಕೀಲುಗಳಿಗೆಲ್ಲ ಧಾರಾಳವಾಗಿ ಈ ಬ್ರೇಕ್ ಆಯಿಲ್ ಬಿಟ್ಟಿದ್ದಾರೆ. ಅದು ತಾಗಿದಲ್ಲೆಲ್ಲ ಬಣ್ಣ ಸುಕ್ಕುಗಟ್ಟಿ ಎದ್ದು ಬರ್ತಿದೆ. ಬಣ್ಣ ತಿನ್ನೋದು ಅದರ ಇನ್ನೊಂದು ಗುಣ. ಕಾರಿನ ಬಾನೆಟ್ ಮೇಲೆ ಬಿದ್ರೆ ಕೂಡಲೇ ನೀರಲ್ಲಿ ತೊಳೀಬೇಕು ಅಂತ ಬಾಟಲಿ ಮೇಲೇ ಬರೆದಿರ್ತದೆ. ನಾನು ಅದೊಂದನ್ನ ಹೇಳಿರ್ಲಿಲ್ಲ.

ಅಪ್ಪನಿಗೆ ಫೋನ್ ಕೊಡಮ್ಮ ಅಂದೆ. ಆ ಕಡೆಯಿಂದ ಅವರ ದನಿ ಕೇಳಿಸ್ತು: "ಬಣ್ಣ ಹೋದ್ರೆ ಹೋತು, ಗೇಟು ಈಗ ಕಿರ್ ಅಂತಿಲ್ಲ ಅಂತ ಹೇಳು ಅವನಿಗೆ."